ದೊಡ್ಡ ಚೈನ್ ಸಾ: ಕೊಳ್ಳುವ ಮುಂಚೆ, ಕೊಂಡ ಮೇಲೆ

ಜಮಖಂಡಿ ಹತ್ತಿರ ಒಂದು ಹೊಲದ ಬದುವಿನ ಮೇಲೆ ಹುಣಸೆ ಮರ ಒಣಗಿ ನಿಂತಿತ್ತು. ಇಬ್ಬರು ಕೈ ಚಾಚಿ ತಬ್ಬಿದರೂ ಬೆರಳಿಗೆ ಬೆರಳು ಸಿಗದಷ್ಟು ದಪ್ಪ ಬುಡ. ಆಗ ನನ್ನ ಹತ್ತಿರ ಇದ್ದದ್ದು ಎಲ್ಲ ಕಡೆ ಸಿಗುವ 58 ಸಿಸಿ ಅಗ್ಗದ ಚೈನ್ ಸಾ ಮಷೀನ್, ಅದಕ್ಕೆ 22 ಇಂಚಿನ ಬಾರ್, ಅಂದರೆ ಚೈನ್ ಓಡುವ ಉದ್ದ ಪಟ್ಟಿ. ಬೆಳಗ್ಗೆ ಎಂಟಕ್ಕೆ ಕೈ ಹಚ್ಚಿದೆ. ಮಧ್ಯಾಹ್ನ ಒಂದಾದರೂ ಅರ್ಧ ಬುಡ ದಾಟಿರಲಿಲ್ಲ. ಮಷೀನ್ ಕಾದು ನಿಲ್ಲೋದು, ನಾನು ನೆರಳಿಗೆ ಹೋಗಿ ಕೂರೋದು. ಹೊಲದ ಯಜಮಾನರು ಬುತ್ತಿ ಬಿಚ್ಚುತ್ತಾ ಕೇಳಿದರು, "ತಮ್ಮಾ, ಕೊಡ್ಲಿ ತರಸ್ಲೇನು?"

ಆ ಮಾತು ಚುಚ್ಚಿತು. ಮುಂದಿನ ತಿಂಗಳೇ 72 ಸಿಸಿ ಮಷೀನ್ ತಂದೆ. ಎರಡೇ ತಿಂಗಳಲ್ಲಿ ಅದರ ಪಿಸ್ಟನ್ ಸುಟ್ಟುಕೊಂಡೆ. ಹೇಗೆ ಅಂತ ಮುಂದೆ ಹೇಳುತ್ತೇನೆ. ತಪ್ಪು ಮಷೀನಿಂದಲ್ಲ, ನನ್ನದೇ.

ಆವತ್ತಿನಿಂದ ಇವತ್ತಿನವರೆಗೆ ಕಲಿತದ್ದನ್ನ ಇಲ್ಲಿ ಬರೆದಿದ್ದೇನೆ. ಮೊದಲೇ ಒಂದು ಮಾತು. ದೊಡ್ಡ ಮಷೀನ್ ಕೆಲಸದ ದಿನ ತನಗಂತಲೇ ಅರ್ಧ ತಾಸು ಕೇಳುತ್ತದೆ. ಅಷ್ಟು ಹೊತ್ತು ಕೊಡೋಕೆ ಮನಸ್ಸಿಲ್ಲದಿದ್ದರೆ ಕೊಳ್ಳಬೇಡಿ. ಮಷೀನ್ ಇರುವವರನ್ನ ಕೂಲಿಗೆ ಕರೆಸಿ, ದುಡ್ಡು ಉಳಿಯುತ್ತದೆ.

ನಿಮಗೆ ದೊಡ್ಡದು ಬೇಕಾ?

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಈ ನಮ್ಮ ಮೂರು ಜಿಲ್ಲೆಗಳ ಕಟ್ಟಿಗೆ ಒಂದೇ ತರಹ ಇಲ್ಲ. ಖಾನಾಪುರದ ಕಡೆ ಮಳೆ ಜಾಸ್ತಿ, ಸಾಗವಾನಿ, ಮತ್ತಿ, ಹೊನ್ನೆ ಬೆಳೆಯುತ್ತವೆ. ಬಾಗಲಕೋಟೆ, ವಿಜಯಪುರದ ಬಯಲಿಗೆ ಬಂದರೆ ಜಾಲಿ, ಬೇವು, ಹುಣಸೆ, ಬಳ್ಳಾರಿ ಜಾಲಿ. ಬಯಲಿನ ಈ ಮರಗಳು ಒಣಗಿದ ಮೇಲೆ ಕಬ್ಬಿಣವೇ. ಹಸಿ ನೀಲಗಿರಿಯಲ್ಲಿ ಬೆಣ್ಣೆ ಕೊಯ್ದ ಹಾಗೆ ಹೋಗುವ ಮಷೀನ್, ಎರಡು ಬೇಸಿಗೆ ಕಂಡ ಕರಿಜಾಲಿ ದಿಮ್ಮಿಗೆ ಏದುಸಿರು ಬಿಡುತ್ತದೆ. ಹಾಗಾಗಿ ಪರದೇಶದ ವಿಡಿಯೋ ನೋಡಿ "ಆ ಮಷೀನಿಗೆ ಅಷ್ಟುದ್ದ ಬಾರ್ ಹಾಕಿದ್ದಾರೆ" ಅಂತ ನಾವೂ ಹಾಕಬಾರದು. ಅಲ್ಲಿ ಕೊಯ್ಯುವುದು ಹೆಚ್ಚಾಗಿ ಮೆತ್ತನೆಯ ಪೈನ್ ಮರ.

ಹೊಲದ ಬೇಲಿ ಸವರೋದು, ಟೊಂಗೆ ಕಡಿಯೋದು, ಮನೆ ಒಲೆಗೆ ಕಟ್ಟಿಗೆ ಮಾಡೋದು ಇಷ್ಟೇ ಇದ್ದರೆ 45 ಸಿಸಿ ಆಸುಪಾಸಿನ ಮಷೀನ್ ಸಾಕು. ಸ್ಟಿಲ್ ಕಂಪನಿಯ ಎಂಎಸ್ 250 ಆ ಅಳತೆಯದು, 45.4 ಸಿಸಿ. ಬುಡದ ಅಡ್ಡಳತೆ ಪದೇಪದೇ ಎರಡು ಅಡಿ ದಾಟುತ್ತಿದ್ದರೆ, ಅಥವಾ ಕಟ್ಟಿಗೆ ಅಡ್ಡೆಗೆ ದಿನಾ ದಿಮ್ಮಿ ತುಂಡು ಮಾಡಿ ಕೊಡಬೇಕಿದ್ದರೆ ಮಾತ್ರ 70 ಸಿಸಿ ಮೇಲೆ ಯೋಚಿಸಿ. ವರ್ಷಕ್ಕೆ ಎರಡು ದೊಡ್ಡ ಮರ ಕಡಿಯುವವರಿಗೆ ದೊಡ್ಡ ಮಷೀನ್ ಸುಮ್ನೆ ಭಾರ.

ಇನ್ನೊಂದು ವಿಷಯ ಇಲ್ಲೇ ಹೇಳಿ ಮುಗಿಸುತ್ತೇನೆ. ಮರ ನಿಮ್ಮ ಹೊಲದ್ದೇ ಆದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡಿಯೋಕೆ ಅನುಮತಿ ಬೇಕು. ನೀಲಗಿರಿ, ಸುಬಾಬುಲ್, ಬಳ್ಳಾರಿ ಜಾಲಿಯಂಥ ಕೆಲವಕ್ಕೆ ವಿನಾಯಿತಿ ಇದೆ. ಬೇರೆಯವರ ಮರಕ್ಕೆ ಹೋಗುವಾಗ "ಪರ್ಮಿಷನ್ ಐತ್ರಿ" ಅನ್ನೋ ಮಾತನ್ನ ನಂಬಬೇಡಿ, ಕಾಗದ ನೋಡಿ. ಸಿಕ್ಕಿಬಿದ್ದರೆ ಮಷೀನ್ ಹೋಗೋದು ನಿಮ್ಮದು.

ಸಿಸಿ ನೋಡಬೇಡಿ, ಕಿಲೋವ್ಯಾಟ್ ಕೇಳಿ

ಅಂಗಡಿಯವರು ಸಿಸಿ ಹೇಳುತ್ತಾರೆ, ಬಾರ್ ಉದ್ದ ಹೇಳುತ್ತಾರೆ. ಎರಡೂ ಬಲದ ಅಳತೆ ಅಲ್ಲ. ಕಿಲೋವ್ಯಾಟ್ ಎಷ್ಟು ಅಂತ ಕೇಳಿ. ಸ್ಟಿಲ್‌ನ ಹಳೇ ಕಾಲದ 070 ಮಾದರಿ ನೂರು ಸಿಸಿ ಮೀರಿದ ಮಷೀನ್. ಆದರೂ 91.1 ಸಿಸಿಯ ಎಂಎಸ್ 661ಕ್ಕೆ ಅದಕ್ಕಿಂತ ಜಾಸ್ತಿ ಬಲ ಇದೆ, ತೂಕವೂ ಕಡಿಮೆ.

ನಮ್ಮ ಕಡೆಯ ದಪ್ಪ ಮರದ ಕೆಲಸಕ್ಕೆ ಬಹುತೇಕರಿಗೆ ಸರಿಹೊಂದುವುದು 70 ಸಿಸಿ ವರ್ಗ. ಸ್ಟಿಲ್ ಎಂಎಸ್ 382 ಅಂದರೆ 72.2 ಸಿಸಿ, 3.9 ಕಿಲೋವ್ಯಾಟ್. ಹಸ್ಕ್ವರ್ನಾ ಕಂಪನಿಯ 372 ಎಕ್ಸ್‌ಪಿ 70.7 ಸಿಸಿ, ಬಲ ಹೆಚ್ಚುಕಮ್ಮಿ ಅಷ್ಟೇ. 3.9 ಕಿಲೋವ್ಯಾಟ್ ಅಂದರೆ ಐದು ಎಚ್‌ಪಿ ಮೇಲೆ. ಹೊಲದಲ್ಲಿ ನೀರೆತ್ತುವ ಐದು ಎಚ್‌ಪಿ ಮೋಟಾರ್ ನೆನಪು ಮಾಡಿಕೊಳ್ಳಿ. ಅಷ್ಟು ಬಲ ನಿಮ್ಮ ಎರಡು ಕೈಯಲ್ಲಿ ಇರುತ್ತದೆ. ಚೈನ್ ಸೆಕೆಂಡಿಗೆ 20 ಮೀಟರಿಗಿಂತ ಜೋರಾಗಿ ಓಡುತ್ತಿರುತ್ತದೆ.

ಅದರ ಮೇಲಿನ ಮೆಟ್ಟಿಲು 90 ಸಿಸಿ. ಎಂಎಸ್ 661 ಮತ್ತು 93.6 ಸಿಸಿಯ ಹಸ್ಕ್ವರ್ನಾ 395 ಎಕ್ಸ್‌ಪಿ ಇಲ್ಲಿ ಬರುತ್ತವೆ. 661ರ ತೂಕ 7.4 ಕೆಜಿ. ಅದು ಬಾರ್, ಚೈನ್, ಪೆಟ್ರೋಲ್ ಇಲ್ಲದ ತೂಕ. ಎಲ್ಲ ಹಾಕಿ ಎತ್ತಿದರೆ ಹತ್ತರ ಮೇಲೆ ಹೋಗುತ್ತದೆ. ಅಂಗಡಿಯಲ್ಲಿ ಒಂದು ನಿಮಿಷ ಎತ್ತಿ "ಹಗುರ ಅದ ಬಿಡ್ರಿ" ಅನ್ನೋದು ಸುಲಭ. ಏಪ್ರಿಲ್ ತಿಂಗಳ ವಿಜಯಪುರದ ಬಿಸಿಲಲ್ಲಿ ನಾಲ್ಕನೇ ತಾಸಿಗೆ ಅದೇ ಹತ್ತು ಕೆಜಿ ಒಂದು ಚೀಲ ಸಿಮೆಂಟ್ ಆಗಿರುತ್ತದೆ. ತೋಳು ಸೋತಾಗಲೇ ಅಪಘಾತ ಆಗೋದು. ಇನ್ನೂ ಮೇಲೆ 121.6 ಸಿಸಿಯ ಎಂಎಸ್ 881 ಇದೆ. ಬಿದ್ದ ಜಾಗದಲ್ಲೇ ದಿಮ್ಮಿಯನ್ನ ಹಲಗೆ ಸೀಳುವವರಿಗೆ ಮಾತ್ರ ಅದು.

ಬಾರ್ ಉದ್ದದ ಲೆಕ್ಕ ಹೀಗಿಟ್ಟುಕೊಳ್ಳಿ. 70 ಸಿಸಿಗೆ ಒಣ ಜಾಲಿ, ಹುಣಸೆಯಲ್ಲಿ 20 ಇಂಚು. ಹಸಿ ಮರಕ್ಕೆ 25ರವರೆಗೆ ಹೋಗಬಹುದು. 90 ಸಿಸಿಗೆ 25ರಿಂದ 30. ಬಾರಿನ ಉದ್ದದ ಎರಡರಷ್ಟು ದಪ್ಪದ ಮರವನ್ನ ಎರಡೂ ಕಡೆಯಿಂದ ಕೊಯ್ಯಬಹುದು, ಅದಕ್ಕೆ ಕೈ ಪಳಗಿರಬೇಕು ಅಷ್ಟೇ. ಉದ್ದ ಬಾರ್ ಹಾಕಿದರೆ ಚೈನ್ ಖರ್ಚು ಜಾಸ್ತಿ, ಅರ ಹಿಡಿಯುವ ಹಲ್ಲು ಜಾಸ್ತಿ, ತುದಿ ಎಲ್ಲೋ ಕಲ್ಲಿಗೆ ತಾಗುವ ಸಂಭವವೂ ಜಾಸ್ತಿ.

ಅಂಗಡಿಗೆ ಹೋದಾಗ

ಮಷೀನ್ ಕೇಳುವ ಮುಂಚೆ ಬಿಡಿಭಾಗ ಕೇಳಿ. "ಇದರ ಸ್ಪ್ರಾಕೆಟ್ ಕೊಡ್ರಿ, ಫ್ಯೂಯಲ್ ಫಿಲ್ಟರ್ ಕೊಡ್ರಿ, ಸ್ಟಾರ್ಟರ್ ಹಗ್ಗ ಕೊಡ್ರಿ." ಮೂರೂ ಕೌಂಟರ್ ಮೇಲೆ ಬಂದರೆ ಕೂತು ಮಾತಾಡಿ. "ಪುಣೆಯಿಂದ ತರಸ್ತೀವಿ" ಅಂದರೆ ಎಷ್ಟು ದಿನ ಅಂತ ಕೇಳಿ. ಸುಗ್ಗಿಯ ಮಧ್ಯೆ ಒಂದು ಸಣ್ಣ ರಬ್ಬರ್ ಪೈಪಿಗಾಗಿ ಹದಿನೈದು ದಿನ ಮಷೀನ್ ಮೂಲೆಗೆ ಬಿದ್ದರೆ ನಷ್ಟ ಯಾರಿಗೆ?

ಹೆಸರಾಂತ ಕಂಪನಿಯ ಬಣ್ಣ ಬಳಿದ ನಕಲಿಗಳು ಸಿಕ್ಕಾಪಟ್ಟೆ ಇವೆ. ಅದರಲ್ಲೂ 070 ತರಹದ್ದು. ಬೆಲೆ ಅರ್ಧಕ್ಕಿಂತ ಕಡಿಮೆ ಇದ್ದರೆ, ಬಿಲ್ ಕೊಡೋಕೆ ಹಿಂದೆ ಮುಂದೆ ನೋಡಿದರೆ, ಮಷೀನ್ ಮೇಲಿನ ನಂಬರ್ ಬಿಲ್ಲಿನಲ್ಲಿ ಬರೆಯದಿದ್ದರೆ ಎದ್ದು ಬನ್ನಿ. ಅಸಲಿ 70 ಸಿಸಿ ಮಷೀನಿಗೆ ಹೆಚ್ಚುಕಮ್ಮಿ ಒಂದು ಒಳ್ಳೆ ಎತ್ತಿನ ಬೆಲೆ ಇರುತ್ತದೆ. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೀರಿ, ನಡಿಗೆ ನೋಡುತ್ತೀರಿ. ಇಲ್ಲೂ ಹಾಗೇ ಮಾಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಎರಡು ಪರೀಕ್ಷೆ. ಮೊದಲನೆಯದು, ಸ್ವಿಚ್ ಆಫ್ ಇಟ್ಟು ಸ್ಟಾರ್ಟರ್ ಹಗ್ಗ ಹಿಡಿದು ಮಷೀನನ್ನ ನಿಧಾನಕ್ಕೆ ತೂಗು ಬಿಡಿ. ಒಳಗೆ ಕಂಪ್ರೆಷನ್ ಚೆನ್ನಾಗಿದ್ದರೆ ತಡೆದು ತಡೆದು ಇಳಿಯುತ್ತದೆ. ಸರ್ರನೆ ಇಳಿದರೆ ರಿಂಗ್ ಹೋಗಿದೆ. ಎರಡನೆಯದು, ಸೈಲೆನ್ಸರ್ ಬಿಚ್ಚಿಸಿ ಆ ಕಿಂಡಿಯಿಂದ ಟಾರ್ಚ್ ಹಿಡಿದು ಪಿಸ್ಟನ್ ನೋಡಿ. ನಯವಾಗಿ ಹೊಳೆಯಬೇಕು. ಮೇಲಿಂದ ಕೆಳಗೆ ಗೀರುಗಳಿದ್ದರೆ ಯಾರೋ ಎಣ್ಣೆ ಇಲ್ಲದೆ ಓಡಿಸಿದ್ದಾರೆ. ಬಿಚ್ಚೋಕೆ ಬಿಡಲ್ಲ ಅಂದರೆ ಕಾರಣ ಗೊತ್ತಾಯಿತಲ್ವಾ?

ಚೈನ್ ಬ್ರೇಕ್ ಇಲ್ಲದ ಮಷೀನ್ ಯಾವ ಬೆಲೆಗೂ ಬೇಡ.

ಚೈನಿನ ಮೂರು ಅಂಕಿ

ಚೈನ್ ಕೊಳ್ಳುವಾಗ ಮೂರು ಅಂಕಿ ಹೊಂದಬೇಕು. ಪಿಚ್, ಗೇಜ್, ಒಳಗಿನ ಡ್ರೈವ್ ಲಿಂಕ್‌ಗಳ ಲೆಕ್ಕ. ಪಿಚ್ ಅಂದರೆ ಚೈನಿನ ಕೊಂಡಿಗಳ ನಡುವಿನ ಅಂತರ, ಲೆಕ್ಕ ಇಂಚಿನಲ್ಲಿ. 70 ಸಿಸಿ ಮಷೀನಿಗೆ ಸಾಮಾನ್ಯವಾಗಿ 3/8 ಪಿಚ್ ಬರುತ್ತದೆ. 120 ಸಿಸಿಗೆ .404. ಗೇಜ್ ಅಂದರೆ ಬಾರಿನ ಅಂಚಿನ ತೋಡಿನಲ್ಲಿ ಕೂರುವ ಡ್ರೈವ್ ಲಿಂಕಿನ ದಪ್ಪ, 1.5 ಅಥವಾ 1.6 ಮಿಲಿಮೀಟರ್. 20 ಇಂಚಿನ 3/8 ಬಾರಿಗೆ 72 ಲಿಂಕ್ ಸಾಮಾನ್ಯ. ಈ ಅಂಕಿಗಳು ಬಾರಿನ ಬುಡದಲ್ಲಿ ಕೊರೆದಿರುತ್ತವೆ, ಎಣ್ಣೆ ಜಿಡ್ಡು ಒರೆಸಿದರೆ ಕಾಣುತ್ತವೆ. ಅಳಿಸಿ ಹೋಗಿದ್ದರೆ ಹಳೇ ಚೈನನ್ನೇ ಕೈಲಿ ಹಿಡಿದು ಅಂಗಡಿಗೆ ಹೋಗಿ.

ಹಲ್ಲಿನ ಆಕಾರದಲ್ಲಿ ಎರಡು ಜಾತಿ. ಮೂಲೆ ಚೌಕಾಗಿರುವುದು ಫುಲ್ ಚಿಸೆಲ್. ಮೂಲೆ ದುಂಡಗಿರುವುದು ಸೆಮಿ ಚಿಸೆಲ್. ಚೌಕ ಹಲ್ಲು ಬೇಗ ಕೊಯ್ಯುತ್ತದೆ, ಬೇಗ ಮೊಂಡಾಗುತ್ತದೆ. ನಮ್ಮ ಮರಗಳ ತೊಗಟೆಯಲ್ಲಿ ಎರೆಮಣ್ಣಿನ ಧೂಳು ಮೆತ್ತಿರುತ್ತದೆ. ಒಣ ಕಟ್ಟಿಗೆ ಬೇರೆ. ಇಲ್ಲಿಗೆ ಸೆಮಿ ಚಿಸೆಲ್ಲೇ ಸರಿ. ನಾನು ಮೂರು ವರ್ಷ ಚೌಕ ಹಲ್ಲಿನ ಹುಚ್ಚು ಹಿಡಿಸಿಕೊಂಡು ದಿನಕ್ಕೆ ಐದು ಸಲ ಅರ ಹಿಡಿದಿದ್ದೇನೆ. ಈಗ ಬಿಟ್ಟಿದ್ದೇನೆ.

ಪೆಟ್ರೋಲ್, ಎಣ್ಣೆ ಮತ್ತು ಆ ಸುಟ್ಟ ಪಿಸ್ಟನ್

ಈ ಮಷೀನುಗಳ ಇಂಜಿನ್‌ಗೆ ಬೇರೆ ಎಣ್ಣೆ ಟ್ಯಾಂಕ್ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಟೂಟಿ, ಅಂದರೆ ಟೂ ಸ್ಟ್ರೋಕ್ ಇಂಜಿನ್ನಿನ ಆಯಿಲ್ಲೇ ಪಿಸ್ಟನ್ನಿಗೆ ಜೀವ. ಕಂಪನಿ ಹೇಳಿದ ಒಳ್ಳೆ ಆಯಿಲ್ ಆದರೆ 50ಕ್ಕೆ 1, ಅಂದರೆ ಐದು ಲೀಟರ್ ಪೆಟ್ರೋಲಿಗೆ 100 ಎಂಎಲ್. ಬೇರೆ ಟೂಟಿ ಆಯಿಲ್ ಆದರೆ ಕೆಲವು ಕೈಪಿಡಿಗಳು 25ಕ್ಕೆ 1 ಹೇಳುತ್ತವೆ, ಅಂದರೆ 200 ಎಂಎಲ್. ಕಣ್ಣಂದಾಜು ಬೇಡ. ಅಳತೆ ಗೆರೆ ಇರುವ ಬಾಟಲಿ ಬಳಸಿ. ಕ್ಯಾನಿಗೆ ಮೊದಲು ಆಯಿಲ್, ಆಮೇಲೆ ಪೆಟ್ರೋಲ್, ಚೆನ್ನಾಗಿ ಅಲ್ಲಾಡಿಸಿ. ಪ್ರತಿ ಸಲ ತುಂಬುವಾಗ ಮತ್ತೆ ಅಲ್ಲಾಡಿಸಿ.

ನನ್ನ ಕಥೆ ಇಷ್ಟೇ. ಟೆಂಪೋದಲ್ಲಿ ಒಂದೇ ಬಣ್ಣದ ಎರಡು ಕ್ಯಾನ್ ಇದ್ದವು. ಒಂದರಲ್ಲಿ ಆಯಿಲ್ ಬೆರೆಸಿದ್ದು, ಇನ್ನೊಂದರಲ್ಲಿ ಬೈಕಿಗೆ ಅಂತ ಇಟ್ಟ ಬರೀ ಪೆಟ್ರೋಲ್. ಸಹಾಯಕ್ಕೆ ಬಂದ ಹುಡುಗ ಹತ್ತಿರದ ಕ್ಯಾನ್ ಎತ್ತಿ ಸುರಿದ. ಅವನಿಗೆ ನಾನು ಹೇಳಿಯೇ ಇರಲಿಲ್ಲ. ಮಷೀನ್ ಶುರುವಾಯಿತು. ಎಂದಿಗಿಂತ ಚೆನ್ನಾಗಿ, ಜೋರಾಗಿ ಕೂಗಿತು. ನನಗೆ ಖುಷಿಯೂ ಆಯಿತು. ಸ್ವಲ್ಪ ಹೊತ್ತಿಗೆ ಕೊಯ್ತದ ಮಧ್ಯೆ ಕಿರ್ ಅಂತ ಒಂದು ಸದ್ದು, ಆಮೇಲೆ ನಿಶ್ಶಬ್ದ. ಹಗ್ಗ ಎಳೆದರೆ ಕಲ್ಲು. ಬಿಚ್ಚಿ ನೋಡಿದಾಗ ಪಿಸ್ಟನ್ನಿನ ಅಲ್ಯೂಮಿನಿಯಂ ಸಿಲಿಂಡರ್ ಗೋಡೆಗೆ ಮೆತ್ತಿಕೊಂಡಿತ್ತು. ಈಗ ಬೆರೆಸಿದ ಕ್ಯಾನಿನ ಕೊರಳಿಗೆ ಕೆಂಪು ದಾರ ಕಟ್ಟುತ್ತೇನೆ. ಕೆಂಪು ದಾರ ಇಲ್ಲದ ಕ್ಯಾನ್ ಮಷೀನ್ ಹತ್ತಿರವೂ ಬರಬಾರದು.

ಈಗಿನ ಪೆಟ್ರೋಲಿನ ಇನ್ನೊಂದು ಕಾಟ ಎಥೆನಾಲ್. ಬಂಕಿನಲ್ಲಿ ಸಿಗುವುದರಲ್ಲಿ ಶೇ 20ರವರೆಗೆ ಅದೇ ಇರುತ್ತದೆ. ನಮ್ಮದೇ ಕಬ್ಬು, ನಮ್ಮದೇ ಕಾರ್ಖಾನೆಗಳಿಂದ ಹೋಗಿದ್ದು ತಿರುಗಿ ನಮ್ಮ ಕಾರ್ಬೊರೇಟರಿಗೇ ಬರುತ್ತದೆ ಅನ್ನಿ. ಎಥೆನಾಲ್ ಗಾಳಿಯಲ್ಲಿನ ನೀರು ಹೀರುತ್ತದೆ. ನೀರು ಮಿತಿ ಮೀರಿದರೆ ಅದು ನೀರಿನ ಜೊತೆ ಸೇರಿ ಕ್ಯಾನಿನ ತಳಕ್ಕೆ ಇಳಿಯುತ್ತದೆ. ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಪೈಪ್ ಎಳೆಯೋದು ತಳದಿಂದ ತಾನೇ? ಜೊತೆಗೆ ಕಾರ್ಬೊರೇಟರಿನ ರಬ್ಬರ್ ಪರದೆ, ಪೈಪುಗಳೂ ಬಿರುಸಾಗುತ್ತವೆ. ಉಪಾಯ ಸರಳ. ವಾರಕ್ಕೆ ಬೇಕಾದಷ್ಟೇ ಬೆರೆಸಿ. ತಿಂಗಳ ಹಿಂದಿನ ಮಿಶ್ರಣ ಮಷೀನಿಗೆ ಹಾಕಬೇಡಿ. ನಿಮ್ಮ ಮಾದರಿ ಎಷ್ಟು ಎಥೆನಾಲ್ ತಡೆಯುತ್ತದೆ ಅಂತ ಕೈಪಿಡಿಯಲ್ಲಿ ನೋಡಿ. ಎಥೆನಾಲ್ ಕಡಿಮೆ ಇರುವ ಪ್ರೀಮಿಯಂ ಪೆಟ್ರೋಲ್ ಸಿಕ್ಕರೆ ದುಡ್ಡು ಜಾಸ್ತಿ ಕೊಟ್ಟರೂ ಲಾಭವೇ.

ಬಿಸಿ ಮಷೀನಿಗೆ ಪೆಟ್ರೋಲ್ ಸುರಿಯಬೇಡಿ. ಹತ್ತು ನಿಮಿಷ ಆರಲಿ, ನೀವೂ ನೀರು ಕುಡಿಯಿರಿ. ತುಂಬಿದ ಜಾಗದಿಂದ ಹತ್ತು ಹೆಜ್ಜೆ ದೂರ ಹೋಗಿ ಶುರು ಮಾಡಿ. ಬೇಸಿಗೆಯ ಒಣ ಹುಲ್ಲಿಗೆ ಒಂದು ಕಿಡಿ ಸಾಕು.

ಚೈನ್ ಆಯಿಲ್ ಬೇರೆ ಟ್ಯಾಂಕು. ಗ್ಯಾರೇಜಿನ ಕರಿ ಆಯಿಲ್ ಪುಕ್ಕಟೆ ಸಿಗುತ್ತದೆ ಅಂತ ಹಾಕುವವರೇ ಜಾಸ್ತಿ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಪಂಪ್ ತಿನ್ನುತ್ತದೆ. ಚೈನಿನಿಂದ ಹಾರಿ ನಿಮ್ಮ ಮುಖ, ಕೈಗೂ ಬೀಳುತ್ತದೆ, ಚರ್ಮಕ್ಕೆ ವಿಷ. ಚೈನ್ ಆಯಿಲ್ ಸಿಗದ ಊರಲ್ಲಿ ಹೊಸ ಇಂಜಿನ್ ಆಯಿಲ್ ನಡೆಯುತ್ತದೆ. ಎಣ್ಣೆ ಬರುತ್ತಿದೆಯಾ ಅಂತ ನೋಡೋಕೆ ಬಾರಿನ ತುದಿಯನ್ನ ಹಳೇ ಪೇಪರ್ ಎದುರು ಒಂದು ಗೇಣು ದೂರ ಹಿಡಿದು ರೇಸ್ ಕೊಡಿ. ಪೇಪರ್ ಮೇಲೆ ಎಣ್ಣೆಯ ಗೆರೆ ಮೂಡಬೇಕು. ಮೂಡದಿದ್ದರೆ ಬಾರಿನ ಬುಡದ ಎಣ್ಣೆ ತೂತು ಕಟ್ಟಿದೆ.

ಅರ ಹಿಡಿಯೋದು

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದ ಭಾಗ ಇದು. ನನಗೆ ಕಲಿಸಿದ್ದು ಗೋಕಾಕ ಕಡೆಯ ಒಬ್ಬ ಹಿರಿಯ ಮಿಸ್ತ್ರಿ. ನಾವೆಲ್ಲ ಕಾಕಾ ಅಂತಿದ್ದೆವು. ನಾನು ಹೊಸ ಮಷೀನ್ ತೋರಿಸಿದಾಗ ಅವರು ಮಷೀನ್ ಮುಟ್ಟಲೇ ಇಲ್ಲ. ಬಗ್ಗಿ ನೆಲದ ಮೇಲಿನ ಪುಡಿ ಎತ್ತಿ ಅಂಗೈಯಲ್ಲಿ ತಿಕ್ಕಿದರು. "ಇದು ರವಾ ಆಗೇದ. ಅವಲಕ್ಕಿ ಬರಬೇಕು," ಅಂದರು. ಅಷ್ಟೇ ಪಾಠ. ಅಡ್ಡ ಕೊಯ್ಯುವಾಗ ಅವಲಕ್ಕಿಯಂಥ ಚಕ್ಕೆ ಉದುರಿದರೆ ಹಲ್ಲು ಚೂಪಾಗಿದೆ. ರವೆ, ಹಿಟ್ಟು ಬಂದರೆ ಮೊಂಡಾಗಿದೆ. ಮೊಂಡು ಚೈನನ್ನ ಒತ್ತಿ ಒತ್ತಿ ಕೊಯ್ದರೆ ಬಾರ್ ಕಾಯುತ್ತದೆ, ಕ್ಲಚ್ ಕಾಯುತ್ತದೆ, ಸೊಂಟ ಹೋಗುತ್ತದೆ. ಜಮಖಂಡಿಯ ಆ ಹುಣಸೆಯಲ್ಲಿ ಅರ್ಧ ತಪ್ಪು ಮಷೀನಿನದಲ್ಲ, ನನ್ನ ಮೊಂಡು ಚೈನಿನದು ಅಂತ ಆವತ್ತು ತಿಳಿಯಿತು.

ಹಲ್ಲು ಒಂದು ಬಿಟ್ಟು ಒಂದು ಎಡಕ್ಕೆ, ಬಲಕ್ಕೆ ಬಾಗಿರುವುದನ್ನ ನೋಡಿರುತ್ತೀರಿ. ಇದರ ಹಿಂದೆ ಒಂದು ಹುಳುವಿನ ಕಥೆ ಇದೆ. 1946ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಜೋ ಕಾಕ್ಸ್ ಅನ್ನುವ ಮರ ಕಡಿಯುವವರು ಬೊಡ್ಡೆಯೊಂದರಲ್ಲಿ ಮರ ಕೊರೆಯುವ ಹುಳುವನ್ನ ಕಂಡರು. ಅದು ತನ್ನ ಬಾಗಿದ ದವಡೆಯಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಚ್ಚುತ್ತಾ ಹೋಗುತ್ತಿತ್ತು. ಅದನ್ನೇ ಉಕ್ಕಿನಲ್ಲಿ ಮಾಡಿ 1947ರಲ್ಲಿ ಮಾರಾಟಕ್ಕೆ ಇಟ್ಟರು. ನಾವು ಇವತ್ತು ಬಳಸುವ ಚೈನ್ ಅದರ ಮೊಮ್ಮಗ. ಎಡ ಬಲ ಎರಡೂ ಸಮನಾಗಿ ಕಚ್ಚಬೇಕು ಅನ್ನೋದಕ್ಕೆ ಈ ಕಥೆ ನೆನಪಿಡಿ. ಒಂದು ಕಡೆಯ ಹಲ್ಲು ಉದ್ದ, ಇನ್ನೊಂದು ಕಡೆಯದು ಗಿಡ್ಡ ಆದರೆ ಕೊಯ್ತ ಸೊಟ್ಟ ಹೋಗುತ್ತದೆ.

ಈಗ ಕೆಲಸಕ್ಕೆ ಬರೋಣ. 3/8 ಚೈನಿಗೆ 5.2 ಮಿಲಿಮೀಟರ್ ಗುಂಡು ಅರ. ಕೆಲವು ಕಂಪನಿಗಳು 5.5 ಹೇಳುತ್ತವೆ, ಚೈನ್ ಡಬ್ಬಿ ನೋಡಿ. .404ಕ್ಕೆ 5.5. ಹೊಲದಲ್ಲಿದ್ದರೆ ಕಡಿದ ಬೊಡ್ಡೆಯ ಮೇಲೆ ಮಷೀನಿನಿಂದಲೇ ಒಂದು ಗೀರು ಹಾಕಿ, ಅದರಲ್ಲಿ ಬಾರ್ ಕೂರಿಸಿ. ಇದಕ್ಕಿಂತ ಒಳ್ಳೆ ಹಿಡಿಕೆ ಬೇರೆ ಇಲ್ಲ. ಮಷೀನ್ ಆಫ್ ಮಾಡಿ. ಚೈನ್ ಸ್ವಲ್ಪ ಬಿಗಿ ಮಾಡಿ, ಬ್ರೇಕ್ ಹಾಕಿ. ಮುಂದಿನ ಹಲ್ಲಿಗೆ ಹೋಗುವಾಗ ಬ್ರೇಕ್ ತೆಗೆದು ಚೈನ್ ಎಳೆದುಕೊಳ್ಳಿ.

ಎಲ್ಲಕ್ಕಿಂತ ಗಿಡ್ಡ ಹಲ್ಲು ಹುಡುಕಿ, ಅದರಿಂದ ಶುರು ಮಾಡಿ. ಉಳಿದವನ್ನ ಅದರ ಅಳತೆಗೆ ತರಬೇಕು. ಅರವನ್ನ ಹಲ್ಲಿನ ಒಳಗಿನಿಂದ ಹೊರಕ್ಕೆ ಮಾತ್ರ ದೂಡಿ. ವಾಪಸ್ ತರುವಾಗ ಎತ್ತಿ ತನ್ನಿ, ಉಜ್ಜಬೇಡಿ. ಹಲ್ಲಿನ ಮೇಲೆ ಕೊರೆದ ಓರೆ ಗೆರೆ ಇರುತ್ತದೆ, ಸಾಮಾನ್ಯವಾಗಿ 30 ಡಿಗ್ರಿ. ಅರ ಆ ಗೆರೆಯ ಸಮಕ್ಕೇ ಓಡಬೇಕು. ಅರದ ಐದನೇ ಒಂದು ಭಾಗ ಹಲ್ಲಿನ ನೆತ್ತಿಗಿಂತ ಮೇಲೆ ಕಾಣಬೇಕು. ಪೂರ್ತಿ ಕೆಳಗೆ ಇಳಿದರೆ ಹಲ್ಲು ತೆಳುವಾಗಿ ಮೊದಲ ಗಂಟಿಗೇ ಮುರಿಯುತ್ತದೆ. ಒಂದು ಹಲ್ಲಿಗೆ ಮೂರು ಸಲ ಅಂದರೆ ಎಲ್ಲಕ್ಕೂ ಮೂರೇ ಸಲ. ಒಂದು ಬದಿ ಮುಗಿಸಿ ಆಮೇಲೆ ಇನ್ನೊಂದು ಬದಿ. ಮುಗಿದ ಮೇಲೆ ಹಲ್ಲಿನ ಅಂಚನ್ನ ಬಿಸಿಲಿಗೆ ಹಿಡಿದು ನೋಡಿ. ಬಿಳಿ ಗೆರೆ ಮಿಂಚಿದರೆ ಇನ್ನೂ ಮೊಂಡಿದೆ. ಚೂಪಾದ ಅಂಚು ಬೆಳಕನ್ನ ತಿರುಗಿಸಲ್ಲ, ಕಪ್ಪಗೆ ಕಾಣುತ್ತದೆ.

ಹಲ್ಲಿನ ಮುಂದೆ ಒಂದು ಸಣ್ಣ ಗುಬ್ಬಿ ಇರುತ್ತದಲ್ಲ, ಹಲ್ಲು ಎಷ್ಟು ಆಳ ಕಚ್ಚಬೇಕು ಅಂತ ನಿರ್ಧರಿಸೋದು ಅದು. ಹಲ್ಲು ಸವೆದಂತೆ ಹಲ್ಲಿನ ಎತ್ತರ ಇಳಿಯುತ್ತದೆ, ಗುಬ್ಬಿ ಹಾಗೇ ಇರುತ್ತದೆ. ಆಗ ಎಷ್ಟು ಚೂಪು ಮಾಡಿದರೂ ಚೈನ್ ಮರದ ಮೇಲೆ ಜಾರುತ್ತದೆ. ನಾಲ್ಕೈದು ಸಲ ಅರ ಹಿಡಿದ ಮೇಲೆ ಅಳತೆ ಪಟ್ಟಿ ಇಟ್ಟು ಚಪ್ಪಟೆ ಅರದಿಂದ ಗುಬ್ಬಿ ತಗ್ಗಿಸಿ. 3/8ಕ್ಕೆ 0.65 ಮಿಲಿಮೀಟರ್ ತಗ್ಗಿರಬೇಕು. "ಇನ್ನೊಂದಿಷ್ಟು ಇಳಿಸಿದರೆ ಜೋರಾಗಿ ಕೊಯ್ಯುತ್ತೆ" ಅನ್ನೋ ಆಸೆ ಬೇಡ. ಮಷೀನ್ ಎಗರುತ್ತದೆ, ಮಣಿಕಟ್ಟು ಉಳಿಯಲ್ಲ.

ಹಳೇ ಬೇವು, ಜಾಲಿಯಲ್ಲಿ ಮೊಳೆ, ತಂತಿ ಇರೋದು ಸಾಮಾನ್ಯ. ಗುಡಿ ಕಟ್ಟೆಯ ಬೇವು, ಬೇಲಿ ಗೂಟದ ಜಾಲಿ ಅಂದರೆ ಅನುಮಾನ ಇಟ್ಟುಕೊಂಡೇ ಹೋಗಿ. ಕೊಯ್ದ ಮುಖದಲ್ಲಿ ನೀಲಿ ಕಪ್ಪು ಕಲೆ ಕಂಡರೆ ಹತ್ತಿರದಲ್ಲೇ ಕಬ್ಬಿಣ ಇದೆ. ಮರದ ಒಗರು ಕಬ್ಬಿಣಕ್ಕೆ ತಾಗಿ ಆ ಬಣ್ಣ ಬಂದಿರುತ್ತದೆ. ಅಲ್ಲಿಂದ ಒಂದು ಅಡಿ ಸರಿದು ಕೊಯ್ಯಿರಿ. ನೆಲದಿಂದ ಒಂದು ಗೇಣು ಮೇಲೆ ಸುತ್ತಲಿನ ತೊಗಟೆಯನ್ನ ಕೊಡಲಿಯಿಂದ ಕೆತ್ತಿ, ಮಣ್ಣು ಉದುರಿಸಿ ಆಮೇಲೆ ಮಷೀನ್ ಹಚ್ಚಿ. ಐದು ನಿಮಿಷದ ಈ ಕೆಲಸ ಒಂದು ಸಲದ ಅರ ಉಳಿಸುತ್ತದೆ.

ಸಂಜೆಯ ಅರ್ಧ ತಾಸು

ಮೊದಲು ಗಾಳಿ ಫಿಲ್ಟರ್. ಮುಚ್ಚಳ ತೆಗೆಯುವ ಮುಂಚೆ ಚೋಕ್ ಹಾಕಿ, ಇಲ್ಲದಿದ್ದರೆ ಪುಡಿ ಕಾರ್ಬೊರೇಟರಿನ ಬಾಯಿಗೇ ಬೀಳುತ್ತದೆ. ಸುತ್ತಲಿನ ಕಸ ಬ್ರಷ್‌ನಿಂದ ತೆಗೆದು ಫಿಲ್ಟರ್ ಬಿಚ್ಚಿ, ಉಗುರು ಬೆಚ್ಚಗಿನ ಸೋಪು ನೀರಲ್ಲಿ ತೊಳೆಯಿರಿ. ಪೂರ್ತಿ ಒಣಗಿದ ಮೇಲೆ ಕೂರಿಸಿ. ಎರಡು ಫಿಲ್ಟರ್ ಇಟ್ಟುಕೊಂಡರೆ ಒಂದು ಒಣಗುವಾಗ ಇನ್ನೊಂದು ಓಡುತ್ತದೆ. ನಮ್ಮ ಧೂಳಿಗೆ ಇದು ದಿನದ ಕೆಲಸ.

ಆಮೇಲೆ ಬಾರ್. ಬಿಚ್ಚಿ, ತೋಡಿನಲ್ಲಿನ ಜಿಡ್ಡನ್ನ ತಗಡಿನ ತುಂಡಿನಿಂದ ಗೀಚಿ ತೆಗೆಯಿರಿ. ಎಣ್ಣೆ ತೂತಿಗೆ ತಂತಿ ಚುಚ್ಚಿ. ಅಂಚಿನಲ್ಲಿ ಮುಳ್ಳು ಎದ್ದಿದ್ದರೆ ಚಪ್ಪಟೆ ಅರದಿಂದ ತೆಗೆಯಿರಿ. ಕೂರಿಸುವಾಗ ಬಾರನ್ನ ಮೇಲೆ ಕೆಳಗೆ ತಿರುವಿ ಹಾಕಿ, ಎರಡೂ ಅಂಚು ಸಮ ಸವೆಯುತ್ತವೆ. 3/8 ಬಾರಿನ ತೋಡಿನ ಆಳ 6 ಮಿಲಿಮೀಟರಿಗಿಂತ ಕಡಿಮೆ ಆದರೆ ಬಾರ್ ಮುಗಿದಂತೆ. ಸ್ಪ್ರಾಕೆಟ್ ಕೂಡ ನೋಡಿ. ಅರ್ಧ ಮಿಲಿಮೀಟರ್ ಗುಣಿ ಬಿದ್ದಿದ್ದರೆ ಬದಲಿಸಿ. ಸವೆದ ಸ್ಪ್ರಾಕೆಟ್ ಹೊಸ ಚೈನನ್ನೂ ವಾರದಲ್ಲಿ ಹಾಳು ಮಾಡುತ್ತದೆ. ಎರಡು ಚೈನಿಗೆ ಒಂದು ಸ್ಪ್ರಾಕೆಟ್ ಅಂತ ಲೆಕ್ಕ ಇಟ್ಟುಕೊಳ್ಳಿ.

ಚೈನ್ ಬಿಗಿ ನೋಡೋದು ತಣ್ಣಗಿದ್ದಾಗ. ಬಾರಿನ ತುದಿ ಎತ್ತಿ ಹಿಡಿದು ನಟ್ ಬಿಗಿಯಿರಿ. ಕೆಳಗೆ ಜೋತು ಬೀಳಬಾರದು, ಬ್ರೇಕ್ ತೆಗೆದು ಕೈಯಿಂದ ಎಳೆದರೆ ಸಲೀಸಾಗಿ ಓಡಬೇಕು. ಕೈಗವಸು ಹಾಕಿಕೊಂಡೇ ಎಳೆಯಿರಿ. ಕೆಲಸದ ಬಿಸಿಗೆ ಚೈನ್ ಹಿಗ್ಗುತ್ತದೆ, ಆಗ ಬಿಗಿ ಮಾಡುತ್ತೀರಿ. ಸಂಜೆ ಮರೆಯದೆ ಸಡಿಲ ಮಾಡಿ. ತಣ್ಣಗಾದಾಗ ಕುಗ್ಗಿದ ಚೈನ್ ಕ್ರ್ಯಾಂಕ್ ಬೇರಿಂಗನ್ನೇ ಎಳೆದು ಕೆಡಿಸುತ್ತದೆ.

ವಾರಕ್ಕೊಮ್ಮೆ ಪ್ಲಗ್ ಬಿಚ್ಚಿ. ಗ್ಯಾಪ್ 0.5 ಮಿಲಿಮೀಟರ್. ಕಾಫಿ ಬಣ್ಣ ಇದ್ದರೆ ಎಲ್ಲ ಸರಿ. ಮಸಿ ಹಿಡಿದಿದ್ದರೆ ಫಿಲ್ಟರ್ ಕಟ್ಟಿದೆ ಅಥವಾ ಆಯಿಲ್ ಜಾಸ್ತಿ. ಬೆಳ್ಳಗೆ ಬೂದಿಯಂತಿದ್ದರೆ ಮಷೀನ್ ನಿಲ್ಲಿಸಿ. ಇಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ, ಎಲ್ಲೋ ಗಾಳಿ ಸೋರುತ್ತಿದೆ. ಮುಂದಿನ ಹೆಜ್ಜೆ ಪಿಸ್ಟನ್ ಸುಡೋದು. ಸ್ಟಾರ್ಟರ್ ಕವರಿನ ಜಾಲರಿ, ಸಿಲಿಂಡರಿನ ರೆಕ್ಕೆಗಳ ನಡುವಿನ ಪುಡಿಯನ್ನೂ ತೆಗೆಯಿರಿ. ಮಷೀನ್ ತಣ್ಣಗಾಗೋದು ಅಲ್ಲಿಂದಲೇ.

ಕಾರ್ಬೊರೇಟರಿನ ಸ್ಕ್ರೂ ತಿರುವುವ ಚಟ ನಮ್ಮಲ್ಲಿ ಜಾಸ್ತಿ. ಸ್ಟಿಲ್ ಮಷೀನಿನಲ್ಲಿ ಸಾಮಾನ್ಯವಾಗಿ ಮೂರು ಇರುತ್ತವೆ: ಜೋರು ಓಟಕ್ಕೆ ಎಚ್, ನಿಧಾನ ಓಟಕ್ಕೆ ಎಲ್, ರೇಸ್ ಬಿಟ್ಟಾಗಿನ ಓಟಕ್ಕೆ ಎಲ್‌ಎ. ರೇಸ್ ಬಿಟ್ಟಾಗ ಚೈನ್ ಸುಮ್ನೆ ತಿರುಗುತ್ತಿದ್ದರೆ ಎಲ್‌ಎ ಕಡಿಮೆ ಮಾಡಿ. ಅಷ್ಟು ಸಾಕು. ಎಚ್ ಮುಟ್ಟಬೇಡಿ. ಅದನ್ನ ಒಳಕ್ಕೆ ತಿರುವಿದರೆ ಮಷೀನ್ ಚುರುಕಾಗಿ ಕೂಗುತ್ತದೆ, ಪೆಟ್ರೋಲ್ ಜೊತೆ ಆಯಿಲ್ಲೂ ಕಡಿಮೆಯಾಗಿರುತ್ತದೆ. ಆ ಚುರುಕು ನನ್ನ ಕೆಂಪು ದಾರವಿಲ್ಲದ ಕ್ಯಾನಿನ ಚುರುಕೇ. ಆರ್‌ಪಿಎಂ ಮೀಟರ್ ಇರುವ ಮೆಕ್ಯಾನಿಕ್ ಹತ್ತಿರ ಹೋಗಿ.

ಬೆಳಗ್ಗೆ ಶುರು ಮಾಡುವಾಗ ಚೈನ್ ಬ್ರೇಕ್ ಪರೀಕ್ಷೆ. ಮಷೀನನ್ನ ನೆಲದ ಮೇಲೆ ಇಟ್ಟು, ಹಿಂದಿನ ಹಿಡಿಕೆಯಲ್ಲಿ ಬೂಟು ತೂರಿಸಿ, ಬ್ರೇಕ್ ಹಾಕಿಯೇ ಹಗ್ಗ ಎಳೆಯಿರಿ. ಗಾಳಿಯಲ್ಲಿ ತೂಗಾಡಿಸಿ ಎಳೆಯುವ ಶೋಕಿ ಬೇಡ. ಶುರುವಾದ ಮೇಲೆ ಬ್ರೇಕ್ ತೆಗೆದು, ರೇಸ್ ಕೊಟ್ಟು, ಮಣಿಕಟ್ಟಿನಿಂದ ಬ್ರೇಕ್ ದೂಡಿ. ಚೈನ್ ತಟ್ಟನೆ ನಿಲ್ಲಬೇಕು. ಬಾರಿನ ತುದಿಯ ಮೇಲಿನ ಕಾಲುಭಾಗ ಯಾವುದಕ್ಕಾದರೂ ತಾಗಿದರೆ ಮಷೀನ್ ಮುಖಕ್ಕೇ ಹಾರುತ್ತದೆ. ಆಗ ನಿಮ್ಮನ್ನ ಕಾಯೋದು ಆ ಬ್ರೇಕ್ ಮತ್ತು ಮುಂದಿನ ಹಿಡಿಕೆಯ ಸುತ್ತ ಬಿಗಿಯಾಗಿ ಸುತ್ತಿದ ಎಡಗೈ ಹೆಬ್ಬೆರಳು. ಹೆಲ್ಮೆಟ್, ಕಿವಿ ಮುಚ್ಚಳ, ಕಾಲಿಗೆ ಚೈನ್ ತಡೆಯುವ ಪ್ಯಾಂಟ್ ಬಿಸಿಲಿಗೆ ಹಿಂಸೆ ಅಂತ ಗೊತ್ತು. ಹಾಗಾದರೆ ಬೆಳಗ್ಗೆ ಆರಕ್ಕೆ ಶುರು ಮಾಡಿ ಹನ್ನೊಂದಕ್ಕೆ ಬಿಡಿ. ಹತ್ತಿರ ಕರೆಂಟ್ ತಂತಿ ಇದ್ದರೆ ಹೆಸ್ಕಾಂನವರು ಲೈನ್ ಆಫ್ ಮಾಡಿ ಹೇಳುವ ತನಕ ಮಷೀನ್ ಮುಟ್ಟಬೇಡಿ.

ಕೆಲಸ ಇಲ್ಲದ ದಿನಗಳಲ್ಲಿ

ಮಳೆ ಹಿಡಿದು ಹೊಲಗಳಿಗೆ ಗಾಡಿ ಹೋಗದ ಹೊತ್ತಿಗೆ ಮಷೀನಿಗೆ ರಜೆ. ಟ್ಯಾಂಕ್ ಖಾಲಿ ಮಾಡಿ, ಶುರು ಮಾಡಿ, ತಾನೇ ನಿಲ್ಲುವವರೆಗೆ ಓಡಲಿ. ಕಾರ್ಬೊರೇಟರಿನಲ್ಲಿ ಹನಿ ಪೆಟ್ರೋಲ್ ಉಳಿದರೂ ಒಣಗಿ ಅಂಟಾಗುತ್ತದೆ. ಚೈನ್ ಬಿಚ್ಚಿ ಎಣ್ಣೆಯಲ್ಲಿ ಅದ್ದಿ ಡಬ್ಬಿಯಲ್ಲಿಡಿ. ದಸರೆಯ ಖಂಡೆ ಪೂಜೆಗೆ ಹೇಗೂ ಮಷೀನ್ ತೊಳೆದು ಕುಂಕುಮ ಹಚ್ಚುತ್ತೀರಿ. ಅದರ ಹಿಂದಿನ ದಿನವೇ ಫ್ಯೂಯಲ್ ಫಿಲ್ಟರ್, ಪ್ಲಗ್ ಬದಲಿಸಿ, ಸ್ಟಾರ್ಟರ್ ಹಗ್ಗದ ಎಳೆ ಬಿಟ್ಟಿದೆಯಾ ನೋಡಿ, ಕ್ಲಚ್ ಬೇರಿಂಗಿಗೆ ಗ್ರೀಸ್ ಹಾಕಿ. ವರ್ಷದ ಸರ್ವಿಸ್ ಮರೆಯೋಕೆ ಆಗಲ್ಲ.

ಜೋಳದ ಚೀಲ ಇಡುವ ಕೋಣೆಯಲ್ಲಿ ಮಾತ್ರ ಇಡಬೇಡಿ. ಜೋಳಕ್ಕೆ ಬಂದ ಇಲಿ ನನ್ನ ಹಳೇ ಮಷೀನಿನ ಪೆಟ್ರೋಲ್ ಪೈಪನ್ನೂ ಒಂದು ಗೇಣು ತಿಂದು ಹೋಗಿತ್ತು. ಈಗ ಅಟ್ಟದ ತೊಲೆಗೆ ಕೊಕ್ಕೆ ಹಾಕಿ ತೂಗು ಬಿಟ್ಟಿದ್ದೇನೆ.